ನಾನು ಓದಿಲ್ಲವಂತೆ!

ಸೋಮವಾರದ ಮೀಟಿಂಗ್‌ನಲ್ಲಿ ಪರದೆ ಮೇಲೆ ಒಂದು ಎಕ್ಸೆಲ್ ಶೀಟ್ ಹಾಕಿದರು. ನಮ್ಮ ಆಫೀಸಿನ ಇಮೇಲ್ ನ್ಯೂಸ್‌ಲೆಟರ್ ಯಾರು ಓದಿದ್ದಾರೆ, ಯಾರು ಓದಿಲ್ಲ ಅನ್ನೋ ಲೆಕ್ಕ. ಓದಿದವರು ಹಸಿರು, ಓದದವರು ಕೆಂಪು. ಕೆಂಪಿನಲ್ಲಿ ಮೊದಲ ಹೆಸರೇ ನನ್ನದು. ಸತತ ನಾಲ್ಕು ತಿಂಗಳು ತೆರೆದೇ ಇಲ್ಲವಂತೆ.

ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದೋಳು ನಾನು, ನಿಮಗೆ ಗೊತ್ತಲ್ವಾ. ಆ ನ್ಯೂಸ್‌ಲೆಟರನ್ನು ತಲೆಯಿಂದ ಬುಡದವರೆಗೆ ಓದಿದ್ದೆ. ಪಾರ್ಕಿಂಗ್ ಸ್ಟಿಕ್ಕರ್ ಬದಲಾಗುತ್ತೆ, ಒಂದನೇ ತಾರೀಖಿನೊಳಗೆ ಹೊಸದು ತಗೊಳ್ಳಿ ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಅದನ್ನೂ ಓದಿ ಸ್ಟಿಕ್ಕರ್ ಇಸ್ಕೊಂಡು ಬಂದಿದ್ದೆ. ಪಕ್ಕದ ಸೀಟಿನ ಹುಡುಗ ಮಾತ್ರ ನೂರಕ್ಕೆ ನೂರು, ಎಲ್ಲಾ ತಿಂಗಳೂ ಹಸಿರು. ಅವನೇ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ, "ಅಕ್ಕಾ, ನಮಗೆ ನ್ಯೂಸ್‌ಲೆಟರ್ ಅಂತಲೂ ಒಂದು ಬರುತ್ತಾ?"

ಇದು ಹೇಗೆ ಆಗುತ್ತೆ ಅಂದ್ರೆ, ಮೇಲ್ ಒಳಗೆ ಒಂದು ಚಿತ್ರ ಅಡಗಿಸಿಟ್ಟಿರುತ್ತಾರೆ. ಅಗಲ ಒಂದು ಪಿಕ್ಸೆಲ್, ಎತ್ತರ ಒಂದು ಪಿಕ್ಸೆಲ್, ಅಂದ್ರೆ ಪರದೆಯ ಒಂದೇ ಒಂದು ಚುಕ್ಕಿ, ಬಣ್ಣವೂ ಇಲ್ಲ. ಒಬ್ಬೊಬ್ಬರ ಮೇಲ್‌ಗೂ ಅದರ ವಿಳಾಸ ಬೇರೆ ಬೇರೆ. ನಾವು ಮೇಲ್ ತೆರೆದಾಗ ಆ ಚಿತ್ರ ಕಳಿಸಿದವರ ಸರ್ವರ್‌ನಿಂದ ಇಳಿಯಬೇಕು. ಇಳಿದ ತಕ್ಷಣ ಅಲ್ಲಿ ದಾಖಲಾಗುತ್ತೆ: ಇಂಥವರು, ಇಷ್ಟು ಗಂಟೆಗೆ, ಇಂಥ ಫೋನಿನಲ್ಲಿ. ಚಾಡಿ ಹೇಳೋದಕ್ಕೇ ಹುಟ್ಟಿದ ಚಿತ್ರ. ನಾನು ಮೇಲ್ ಓದೋ ಔಟ್‌ಲುಕ್ ಹೊರಗಿನ ಚಿತ್ರಗಳನ್ನು ತಾನಾಗಿ ಇಳಿಸಲ್ಲ. ನಾನೂ ಇಳಿಸು ಅಂತ ಒತ್ತಲ್ಲ. ಅಕ್ಷರ ಇದ್ದರೆ ಸಾಕು ನನಗೆ. ಹಾಗಾಗಿ ನಾನು ಕೆಂಪು. ಆ ಹುಡುಗನದು ಐಫೋನ್. 2021ರಲ್ಲಿ ಐಫೋನಿನ ಹೊಸ ಸಾಫ್ಟ್‌ವೇರ್ ಐಒಎಸ್ 15 ಜೊತೆ ಆ್ಯಪಲ್ ಮೇಲ್‌ಗೆ ಒಂದು ಪ್ರೈವೆಸಿ ಸೆಟ್ಟಿಂಗ್ ಬಂತು. ಅದನ್ನು ಆನ್ ಮಾಡಿದರೆ, ಮೇಲ್ ತೆರೆದರೂ ತೆರೆಯದಿದ್ದರೂ ಆ್ಯಪಲ್ಲೇ ತನ್ನ ಸರ್ವರ್ ಮೂಲಕ ಚಿತ್ರಗಳನ್ನೆಲ್ಲ ಮೊದಲೇ ತರಿಸಿಡುತ್ತೆ. ಕಳಿಸಿದವರಿಗೆ ಓದಿದ ಹಾಗೆ ಕಾಣುತ್ತೆ. ಅವನು ಹಸಿರು!

ಇನ್ನೂ ಮಜಾ ಕೇಳಿ. ಹೆರಿಗೆ ರಜೆಯಲ್ಲಿರೋ ಒಬ್ಬ ಸಹೋದ್ಯೋಗಿ ಮೇಲ್ ಬಂದ ಕೆಲವೇ ಸೆಕೆಂಡಿಗೆ ಒಂಬತ್ತೂ ಲಿಂಕ್ ಒತ್ತಿದ್ದಾಳಂತೆ. ಕೂಸು ಕಾಲ ಮೇಲೆ, ಕೈಯಲ್ಲಿ ನ್ಯೂಸ್‌ಲೆಟರ್. ಲಿಂಕ್‌ನಲ್ಲಿ ವೈರಸ್ ಇದೆಯಾ ಅಂತ ನೋಡೋಕೆ ಸೆಕ್ಯೂರಿಟಿ ಸಾಫ್ಟ್‌ವೇರ್ ತಾನೇ ಒತ್ತಿ ನೋಡುತ್ತೆ ಸ್ವಾಮಿ! ಆದರೆ ಮೀಟಿಂಗ್‌ನಲ್ಲಿ ಅವಳ ಹೆಸರಿಗೆ ಚಪ್ಪಾಳೆ ಬಿತ್ತು. ರಜೆಯಲ್ಲಿದ್ದರೂ ಎಂತಾ ಎಂಗೇಜ್‌ಮೆಂಟ್ ನೋಡಿ ಅಂದರು. ನಾನೂ ತಟ್ಟಿದೆ.

ಲೆಕ್ಕ ತಪ್ಪಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಬೆನ್ನ ಹಿಂದೆ ಲೆಕ್ಕ ಇಟ್ಟಿದ್ದಕ್ಕೆ ಸಿಟ್ಟು. ನಮ್ಮಪ್ಪ ಮೂವತ್ತು ವರ್ಷ ತಿಪಟೂರು ಕಡೆ ಪೋಸ್ಟ್‌ಮ್ಯಾನ್ ಆಗಿದ್ದವರು. ರಿಜಿಸ್ಟರ್ಡ್ ಪೋಸ್ಟ್ ಬಂದರೆ ಜಗಲಿ ಮೇಲೆ ಕೂತು, ಅಕ್ನಾಲೆಜ್‌ಮೆಂಟ್ ಕಾರ್ಡ್ ಮುಂದೆ ಹಿಡಿದು, "ಇಲ್ಲೊಂದು ಸೈನ್ ಹಾಕವ್ವ, ನಿಂಗೆ ತಲುಪ್ತು ಅಂತ ಅವ್ರಿಗೆ ಹೋಗ್ತದೆ" ಅಂತ ಹೇಳಿಯೇ ಸೈನ್ ಹಾಕಿಸುತ್ತಿದ್ದರು. ಓದು ಬಾರದವರ ಹತ್ತಿರ ಹೆಬ್ಬೆಟ್ಟು ಒತ್ತಿಸುವಾಗಲೂ ಅಷ್ಟೇ. ತಲುಪಿದ ಸುದ್ದಿ ವಾಪಸ್ ಹೋಗುತ್ತೆ ಅಂತ ಆ ಅಜ್ಜಿಗೂ ಗೊತ್ತಿರುತ್ತಿತ್ತು. ಎಂಜಿನಿಯರಿಂಗ್ ಓದಿದ ನಮಗೆ ಗೊತ್ತಿಲ್ಲ.

ವಾಟ್ಸಾಪ್‌ನಲ್ಲಿ ನೀಲಿ ಟಿಕ್ ನೋಡಲ್ವಾ ನೀನು ಅಂತ ಯಜಮಾನರು ಕೇಳಿದರು. ನೋಡ್ತೀನಿ. ಆದರೆ ಅಲ್ಲಿ ಒಂದು ನ್ಯಾಯ ಇದೆ. ನನ್ನ ಟಿಕ್ ಮುಚ್ಚಿದರೆ ಬೇರೆಯವರದ್ದೂ ನನಗೆ ಕಾಣಲ್ಲ. ನ್ಯೂಸ್‌ಲೆಟರ್ ಕಳಿಸೋರು ನನ್ನ ಉತ್ತರ ಓದಿದರಾ ಅಂತ ನನಗೆ ಯಾವ ಬಣ್ಣದಲ್ಲೂ ತಿಳಿಯಲ್ಲ. ಕಳೆದ ವರ್ಷ ಕ್ಯಾಂಟೀನ್ ಸಾಂಬಾರಿನ ಬಗ್ಗೆ ಬರೆದಿದ್ದೆ. ಇವತ್ತಿಗೂ ಅದೇ ಸಾಂಬಾರು.

ಈಗ ಒಂದು ವಿಷಯ ಹೇಳಬೇಕು. ಇಲ್ಲಿಗೆ ಬರೋ ಮುಂಚೆ ಇನ್ನೊಂದು ಕಂಪನಿಯಲ್ಲಿ ಇದೇ ಕೆಲಸ ನಾನೇ ಮಾಡುತ್ತಿದ್ದೆ. ನ್ಯೂಸ್‌ಲೆಟರ್ ಕಳಿಸೋದು, ಆಮೇಲೆ ಹೆಸರಿನ ಪಟ್ಟಿ ತೆಗೆದು ನೋಡೋದು. ಚಟ ಆಗಿಬಿಟ್ಟಿತ್ತು. ಒಂದು ಸಲ ಅಕೌಂಟ್ಸ್‌ನ ಒಬ್ಬರು ಒಂದೇ ಸಂಚಿಕೆಯನ್ನು ರಾತ್ರಿ ಎರಡೂವರೆಗೆ ಆರು ಸಲ ತೆರೆದಿದ್ದರು. ಮಾರನೇ ದಿನ ಕಾಫಿ ಮಿಷಿನ್ ಹತ್ತಿರ ನಾಲ್ಕು ಜನರ ಮುಂದೆ ತಮಾಷೆ ಮಾಡಿದೆ, "ಏನ್ ಸಾರ್, ನನ್ನ ಬರಹ ಓದದೆ ನಿದ್ದೆ ಬರಲ್ವಾ?" ಅವರು ಲೋಟ ಕೆಳಗಿಟ್ಟರು. ಆ ಸಂಚಿಕೆಯಲ್ಲಿ ಅಪ್ಪ ಅಮ್ಮನನ್ನು ಮೆಡಿಕ್ಲೇಮ್‌ಗೆ ಸೇರಿಸೋದು ಹೇಗೆ ಅಂತ ಇತ್ತು. ಅವರ ತಾಯಿ ಆಸ್ಪತ್ರೆಯಲ್ಲಿದ್ದರು. "ನಿಮಗೆ ಹೇಗೆ ಗೊತ್ತಾಯ್ತು ಮೇಡಂ?" ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾರಿ ಅಂತಲೂ ಹೇಳಲಿಲ್ಲ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಆಫೀಸಿನ ಲ್ಯಾಪ್‌ಟಾಪು, ಆಫೀಸಿನ ಮೇಲು, ನಿಂದೇನಮ್ಮಾ ಪ್ರೈವೆಸಿ ಅಂತ ಈಗ ಕಮೆಂಟ್ ಬರುತ್ತೆ. ಬರಲಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲೂ ಉದ್ಯೋಗದ ಉದ್ದೇಶಕ್ಕೆ ಅಂದರೆ ಒಪ್ಪಿಗೆ ಇಲ್ಲದೆ ಮಾಹಿತಿ ಬಳಸೋಕೆ ದಾರಿ ಬಿಟ್ಟಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಅಂತ ನಾನು ಎದೆಯುಬ್ಬಿಸಿದರೆ, ಅದು ಮುಖ್ಯವಾಗಿ ಸರ್ಕಾರದ ವಿರುದ್ಧದ ಹಕ್ಕು ಕಣೇ, ನಿಮ್ಮ ಎಚ್‌ಆರ್‌ಗೆ ಅಷ್ಟು ಸುಲಭವಾಗಿ ತಾಗಲ್ಲ ಅಂತ ಲಾಯರ್ ಗೆಳತಿ ತಣ್ಣೀರು ಎರಚಿದಳು. ಆಯ್ತಮ್ಮ, ಒಪ್ಪಿದೆ. ಕಾನೂನು ಬಿಟ್ಟಿದೆ ಅಂತ ಎಲ್ಲಾ ಮಾಡಬೇಕಾ? ಒಟ್ಟು ಎಷ್ಟು ಜನ ತೆರೆದರು ಅಂತ ಬೇಕಾದರೆ ನೋಡಿಕೊಳ್ಳಿ. ಹೆಸರು ಯಾಕೆ? ಸಮಯ ಯಾಕೆ? ಕೆಳಗೆ ಒಂದು ಸಾಲು, "ಈ ಮೇಲ್ ತೆರೆದರೆ ನಮಗೆ ತಿಳಿಯುತ್ತದೆ" ಅಂತ ಹಾಕೋಕೆ ಏನು ಕಷ್ಟ?

ನನ್ನ ಸೆಟ್ಟಿಂಗ್ ನಾನು ಬದಲಾಯಿಸಲ್ಲ. ಕೆಂಪಾಗಿಯೇ ಇರ್ತೀನಿ. ಜಿಮೇಲ್ ಬಳಸೋರು ಸೆಟ್ಟಿಂಗ್ಸ್‌ಗೆ ಹೋಗಿ, ಹೊರಗಿನ ಚಿತ್ರ ತೋರಿಸುವ ಮೊದಲು ಕೇಳಬೇಕು ಅನ್ನೋದನ್ನು ಆರಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಅಂದ ಹಾಗೆ ಇವತ್ತು ಒಂದನೇ ತಾರೀಖು. ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿ ಅಣ್ಣ ನಮ್ಮ ನೂರಕ್ಕೆ ನೂರು ಹುಡುಗನ ಬೈಕ್ ನಿಲ್ಲಿಸಿಕೊಂಡಿದ್ದರು. ಹೊಸ ಸ್ಟಿಕ್ಕರ್ ಇರಲಿಲ್ಲ. "ಅಕ್ಕಾ, ಇದನ್ನ ಎಲ್ಲಿ ಹೇಳಿದ್ರು?" ಅಂತ ಕೂಗಿದ.