ಪಿಪಿಇಗೆ ಮೂರೂ ವಿಷಯ ಮೊದಲೇ ಓದಿರಬೇಕಿಲ್ಲ

‘ಶಾಲೆಯಲ್ಲಿ ರಾಜಕೀಯ, ತತ್ವಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಓದದವರು ಆಕ್ಸ್‌ಫರ್ಡ್‌ನ ಪಿಪಿಇಗೆ (ಈ ಮೂರೂ ವಿಷಯಗಳನ್ನು ಒಟ್ಟಿಗೆ ಕಲಿಸುವ ಪದವಿ ಕೋರ್ಸ್) ಅರ್ಜಿ ಹಾಕುವಂತಿಲ್ಲ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಆ ವಿಶ್ವವಿದ್ಯಾಲಯದ ಪ್ರವೇಶ ಮಾಹಿತಿಯಲ್ಲೇ ಈ ಮೂರನ್ನು ಮೊದಲೇ ಓದಿರಬೇಕಿಲ್ಲ ಎಂದಿದೆ. ತತ್ವಶಾಸ್ತ್ರವಂತೂ ಎಷ್ಟೋ ಶಾಲೆಗಳಲ್ಲಿ ಇರುವುದೇ ಇಲ್ಲ, ಅಲ್ವಾ? ಮೊದಲ ವರ್ಷ ಎಲ್ಲರೂ ಮೂರನ್ನೂ ಓದುತ್ತಾರೆ. ಆಮೇಲೆ ಬೇಕಿದ್ದರೆ ಒಂದನ್ನು ಬಿಡಬಹುದು.

ಗಣಿತದ ಮಾತು ಸ್ವಲ್ಪ ಬೇರೆ. ಅರ್ಥಶಾಸ್ತ್ರದ ಭಾಗಕ್ಕೆ ಅದು ಜಾಸ್ತಿ ನೆರವಾಗುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಪಿಪಿಇಗೆ ಗಣಿತ ಬೇಕೇ ಬೇಕು. ಹಾಗಾಗಿ ಪ್ರತಿ ಕೋರ್ಸಿನ ಪುಟವನ್ನೂ ಬೇರೆಯಾಗಿಯೇ ನೋಡಿ. ಆಕ್ಸ್‌ಫರ್ಡ್‌ಗೆ ಅರ್ಜಿ ಹಾಕಲು ಅಕ್ಟೋಬರ್ 15 ಕೊನೆ ದಿನ. ಸುಮ್ನೆ ಹೆದರಿ ಅದನ್ನು ತಪ್ಪಿಸಿಕೊಳ್ಳಬೇಡಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.