ಸೀಸೈಡ್‌ನಲ್ಲಿ ಕಾರು ಬದಿಗಿಡಿ
ಅಮೆರಿಕದ ಫ್ಲಾರಿಡಾದ ಸೀಸೈಡ್ ಊರನ್ನು ಕಾರಲ್ಲೇ ಒಂದು ಸುತ್ತು ಹಾಕಿದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ಒಪ್ಪೋಕಾಗಲ್ಲ. 1981ರಲ್ಲಿ ಶುರುವಾದ ಈ 80 ಎಕರೆಯ ಊರನ್ನು ಡುವಾನಿ, ಪ್ಲೇಟರ್-ಝೈಬರ್ಕ್ ಎಂಬ ವಾಸ್ತುಶಿಲ್ಪಿ ದಂಪತಿ ವಿನ್ಯಾಸ ಮಾಡಿದ್ದೇ ಕಾಲ್ನಡಿಗೆಗೆ. ಅಂಗಡಿ, ಹೋಟೆಲು ನಡುವಿನ ಚೌಕದ ಸುತ್ತಲೇ ಇವೆ, ಬೇಗ ಮುಗಿಯುತ್ತೆ. ಮನೆಗಳ ಬೀದಿಯಲ್ಲಿ ನಿಧಾನಿಸಿ. ಬಿಳಿ ಮರದ ಬೇಲಿಗಳನ್ನು ಗಮನಿಸಿ: ಒಂದೇ ಬೀದಿಯಲ್ಲಿ ಒಂದರ ನಮೂನೆ ಇನ್ನೊಂದಕ್ಕಿಲ್ಲ, ನಿಯಮವೇ ಹಾಗೆ. ಜಗಲಿ ರಸ್ತೆಗೆ ಎಷ್ಟು ಹತ್ತಿರ ಅಂದರೆ, ಕೂತವರು ದಾರಿಹೋಕರನ್ನು ದನಿ ಏರಿಸದೆ ಮಾತಾಡಿಸಬಹುದು. ಮನೆಗಳ ಹಿಂದೆ ಮರಳಿನ ಕಾಲುದಾರಿಗಳಿವೆ. ಕಾರಲ್ಲಿ ಹೋದವರಿಗೆ ಕಾಣದಿರುವುದು ಇವೇ. ಕಡಲಿಗಿಳಿಯುವ ಮುನ್ನ ದಡದಲ್ಲಿನ ಎಚ್ಚರಿಕೆಯ ಬಾವುಟ ನೋಡಿ, ಜೋಡಿ ಕೆಂಪಿದ್ದರೆ ನೀರಿಗಿಳಿಯುವಂತಿಲ್ಲ. ಸೆಳವಿಗೆ ಸಿಕ್ಕರೆ ನೇರ ದಡದತ್ತ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾಂತರವಾಗಿ ಈಜಿ ಹೊರಬನ್ನಿ.