ಆನೆಯ ಹೆರಿಗೆಗೆ ನಾವು ಕಾವಲು

ಭಾನುವಾರ ಬೆಳಗಿನ ಜಾವ ಐದಕ್ಕೇ ಹಾಸನದಿಂದ ಹೊರಟೆವು. ಇದು ಮೂರನೇ ಸಲ. ಮೃಗಾಲಯದ ಆನೆ ತುಂಬು ಗಬ್ಬವಂತೆ, ಇವತ್ತೋ ನಾಳೆಯೋ ಮರಿ ಹಾಕುತ್ತದಂತೆ. ಈ 'ಇವತ್ತೋ ನಾಳೆಯೋ' ಶುರುವಾಗಿ ಒಂದೂವರೆ ತಿಂಗಳಾಯಿತು! ಆನೆ ಸುಮಾರು 22 ತಿಂಗಳು ಹೊರುತ್ತದೆ, ಗೊತ್ತು. ಅಷ್ಟೂ ತಿಂಗಳು ಪೆಟ್ರೋಲ್ ಹಾಕಿಸುವವನು ನಾನೇನಾ?

ಹೋದರೆ ಕಾಣುವುದೇನು? ಜನರ ಬೆನ್ನು. ಅದರಾಚೆ ಆನೆಯ ಬೆನ್ನು. ಒಬ್ಬ 'ಏಯ್, ಇತ್ಲಾಗೆ ತಿರುಗು' ಅಂತ ಶಿಳ್ಳೆ ಹೊಡೆಯುತ್ತಾನೆ. ಇನ್ನೊಬ್ಬ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸರಿಯಾಗಿ ನನ್ನ ಮಗಳ ಮುಂದೆಯೇ ನಿಲ್ಲುತ್ತಾನೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು 'ಹೊಟ್ಟೆ ಇಳಿದಿದೆ, ಹೆಣ್ಣೇ ಆಗೋದು' ಎಂದು ತೀರ್ಪನ್ನೂ ಕೊಟ್ಟರು. (ನಮ್ಮ ಓಣಿಯಲ್ಲಿ ಯಾರೇ ಬಸುರಿಯಾದರೂ ಇಂಥ ಅಜ್ಜಿ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ?) ಆನೆ ನೋಡಿಕೊಳ್ಳುವವನನ್ನು ಕೇಳಿದರೆ ಸುಮ್ನೆ ನಗುತ್ತಾನೆ. ಆಮೇಲೆ ಮೆಲ್ಲಗೆ, ಇವು ಮರಿ ಹಾಕುವುದು ರಾತ್ರಿಯೇ ಜಾಸ್ತಿ ಅಂದ. ಹಾಗಾದರೆ ಸಂಜೆಯಾದರೆ ಗೇಟು ಹಾಕುವ ಜಾಗದಲ್ಲಿ ನಾವು ಇಡೀ ದಿನ ನಿಂತು ಕಾಯುತ್ತಿರುವುದು ಯಾವ ಸಂಭ್ರಮಕ್ಕೆ?

ಮನೆಗೆ ಬಂದು ಕಾಲು ಚಾಚಿದೆ. ಸಕಲೇಶಪುರದಿಂದ ಭಾವನ ಫೋನು. ನಿನ್ನೆ ರಾತ್ರಿ ಅವರ ತೋಟಕ್ಕೆ ಮರಿ ಸಮೇತ ಆರು ಆನೆ ಬಂದಿದ್ದವಂತೆ. ಕಾಫಿ ಗಿಡ ತುಳಿದು, ಬಾಳೆಯನ್ನೆಲ್ಲ ತಿಂದು ಹೋದವಂತೆ. ಟಿಕೆಟ್ ಇಲ್ಲ, ಪಾರ್ಕಿಂಗ್ ಇಲ್ಲ, ನೂಕುನುಗ್ಗಲಿಲ್ಲ!

ಫೋನಿಡುವಷ್ಟರಲ್ಲಿ ಮಗಳು ಬಂದಳು. 'ಅಪ್ಪಾ, ಮುಂದಿನ ಭಾನುವಾರ ಎಷ್ಟೊತ್ತಿಗೆ ಹೊರಡೋದು?'